ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒತ್ತಡ ಹತೋಟಿ ಸೊಲೆನಾಯ್ಡ್: ಕೆಲಸ, ಕೆಡುವ ಬಗೆ ಮತ್ತು ಆರೈಕೆ

ಬೆಂಗಳೂರಿನ ಹೊರವಲಯದಲ್ಲಿ ಬೇಸಾಯದ ಭೂಮಿಗೆ ಒತ್ತಿಕೊಂಡೇ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಿತು. ಅದೇ ದಶಕದ ಕೊನೆಯ ಭಾಗದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲೆ ದೊರೆಯಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ಐ.ಟಿ.ಪಿ.ಎಲ್. ಕಟ್ಟಡಗಳು ಎದ್ದವು. ಈ ಬದಲಾವಣೆಯೊಡನೆ ಹೊಸಕೋಟೆ, ಆನೇಕಲ್, ನೆಲಮಂಗಲ ಮುಂತಾದ ತಾಲ್ಲೂಕುಗಳ ರೈತ ಕುಟುಂಬಗಳಲ್ಲಿ ಟ್ರಾಕ್ಟರಿನ ಜೊತೆಗೆ ಕಾರು ಇರುವುದೂ ಸಾಮಾನ್ಯವಾಗಿದೆ. ಕೆಲವರು ಕಾರನ್ನು ಬಾಡಿಗೆಗೆ ಓಡಿಸಿ ಉಪ ಆದಾಯ ಪಡೆಯುತ್ತಾರೆ.

ಇಂತಹ ವಾಹನಗಳಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಉಳ್ಳವುಗಳ ಸಂಖ್ಯೆ ಹೆಚ್ಚುತ್ತಿದೆ. ಓಡಿಸುವುದು ಸುಲಭ, ಆದರೆ ಕೆಟ್ಟಾಗ ತಗಲುವ ಖರ್ಚು ಸಣ್ಣದಲ್ಲ. ಎಣ್ಣೆ ಕಡಮೆಯಾದುದಕ್ಕೆ ಸೊಲೆನಾಯ್ಡ್ ಬದಲಾಯಿಸಿದ, ಸೊಲೆನಾಯ್ಡ್ ಕೆಟ್ಟುದಕ್ಕೆ ಇಡೀ ಗೇರ್‌ಬಾಕ್ಸನ್ನೇ ಬದಲಾಯಿಸಿದ ಪ್ರಸಂಗಗಳು ವಿರಳವಲ್ಲ. ಮೊದಲಿನದು ಸಾವಿರಗಳ ಮಾತಾದರೆ ಎರಡನೆಯದು ಲಕ್ಷದ ಮಾತು. ಈ ಸಣ್ಣ ಭಾಗ ಏನು ಮಾಡುತ್ತದೆ ಮತ್ತು ಏಕೆ ಕೆಡುತ್ತದೆ ಎಂಬುದನ್ನು ತಿಳಿದುಕೊಂಡರೆ ಇಂತಹ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಎಣ್ಣೆಯ ಒತ್ತಡವೇ ಆಧಾರ

ಸಾಮಾನ್ಯ ವಾಹನದಲ್ಲಿ ಚಾಲಕನು ಕಾಲಿನಿಂದ ಕ್ಲಚ್ ಒತ್ತಿ, ಕೈಯಿಂದ ಗೇರ್ ಬದಲಾಯಿಸುತ್ತಾನೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಇವೆರಡನ್ನೂ ಒತ್ತಡಕ್ಕೊಳಗಾದ ಎಣ್ಣೆಯೇ ಮಾಡುತ್ತದೆ. ಎಂಜಿನ್ ತಿರುಗಿದೊಡನೆ ಗೇರ್‌ಬಾಕ್ಸಿನ ಒಳಗಿರುವ ಪಂಪು ಎಣ್ಣೆಯನ್ನು ತಳ್ಳಲಾರಂಭಿಸುತ್ತದೆ. ಒಳಗೆ ಹಲವು ಕ್ಲಚ್ ಗುಂಪುಗಳಿರುತ್ತವೆ. ಯಾವ ಗುಂಪಿಗೆ ಎಣ್ಣೆ ಹೋಗುತ್ತದೆಯೋ ಅದರ ಬಿಲ್ಲೆಗಳು ಒಂದಕ್ಕೊಂದು ಬಿಗಿಯಾಗಿ ಕೂಡುತ್ತವೆ, ಅದಕ್ಕೆ ಸೇರಿದ ಗೇರ್ ಕೆಲಸಕ್ಕೆ ಬರುತ್ತದೆ. ಎಣ್ಣೆಯನ್ನು ಇಲ್ಲಿಂದಲ್ಲಿಗೆ ಹಂಚುವ ಕವಾಟಗಳೆಲ್ಲ ವಾಲ್ವ್ ಬಾಡಿ ಎಂಬ ಅಲ್ಯೂಮಿನಿಯಮ್ ಅಚ್ಚಿನೊಳಗೆ ಅಡಕವಾಗಿರುತ್ತವೆ.

ಹನಿ ನೀರಾವರಿಯ ಲ್ಯಾಟರಲ್ ಕೊಳವೆಗಳಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಇರುತ್ತದೆ. ಗೇರ್‌ಬಾಕ್ಸಿನ ಮುಖ್ಯ ಎಣ್ಣೆ ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ 4ರಿಂದ 6 ಕಿಲೋಗ್ರಾಂ ಒತ್ತಡವಿರಬಹುದು. ಭಾರ ಹೆಚ್ಚಾದಾಗ 15 ಕಿಲೋಗ್ರಾಂಗೂ ಮೇಲೆ ಹೋಗುತ್ತದೆ. ಈ ಅಂಕಿಗಳು ಮಾದರಿಯಿಂದ ಮಾದರಿಗೆ ಬದಲಾಗುತ್ತವೆ.

ಒತ್ತಡ ಸದಾ ಒಂದೇ ಆಗಿರಕೂಡದು. ಕಡಮೆಯಾದರೆ ಕ್ಲಚ್ ಬಿಲ್ಲೆಗಳು ಜಾರುತ್ತವೆ, ಉಜ್ಜಿ ಬಿಸಿಯಾಗಿ ಸುಟ್ಟುಹೋಗುತ್ತವೆ. ಅಗತ್ಯಕ್ಕಿಂತ ಹೆಚ್ಚಾದರೆ ಪ್ರತಿ ಗೇರಿಗೂ ವಾಹನ ಗುದ್ದಿದಂತೆ ಎಗರುತ್ತದೆ, ಪಂಪಿಗೆ ಭಾರ ಬಿದ್ದು ಇಂಧನ ಹೆಚ್ಚು ಖರ್ಚಾಗುತ್ತದೆ, ಎಣ್ಣೆಯೂ ಕಾಯುತ್ತದೆ. ಚಪ್ಪಟೆ ರಸ್ತೆಯಲ್ಲಿ ಬರಿದಾಗಿ ಹೋಗುವಾಗ ಒಂದು ಒತ್ತಡ, ದಿಣ್ಣೆ ಏರುವಾಗ ಮತ್ತೊಂದು ಒತ್ತಡ ಬೇಕು. ಈ ಹೊಂದಾಣಿಕೆಯನ್ನು ಕ್ಷಣಕ್ಷಣಕ್ಕೂ ಮಾಡುವುದೇ ಒತ್ತಡ ಹತೋಟಿ ಸೊಲೆನಾಯ್ಡ್.

ಸೊಲೆನಾಯ್ಡ್ ಎಂದರೇನು?

ಪಂಪುಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ರೈತರಿಗೆಲ್ಲ ಪರಿಚಿತ. ಗುಂಡಿ ಒತ್ತಿದಾಗ ಅದರೊಳಗಿನ ಕಾಯಿಲಿಗೆ ವಿದ್ಯುತ್ ಹರಿದು, ಅದು ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆದುಕೊಳ್ಳುತ್ತದೆ. ವಿದ್ಯುತ್ ಹೋದಾಗ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ. ಸೊಲೆನಾಯ್ಡಿನ ತತ್ತ್ವವೂ ಇದೇ. ತಾಮ್ರದ ತಂತಿಯ ಸುರುಳಿ, ಅದರ ನಡುವೆ ಚಲಿಸುವ ಕಬ್ಬಿಣದ ಕಡ್ಡಿ, ಒಂದು ಸ್ಪ್ರಿಂಗು, ಕಡ್ಡಿಯ ತುದಿಯಲ್ಲಿ ಎಣ್ಣೆಯ ಕಂಡಿಯನ್ನು ಮುಚ್ಚಿ ತೆರೆಯುವ ಕವಾಟ: ಇಷ್ಟೇ ಅದರ ಭಾಗಗಳು.

ಹನಿ ನೀರಾವರಿಯನ್ನು ಟೈಮರ್ ಮೂಲಕ ನಡೆಸುವ ತೋಟಗಳಲ್ಲಿ ಬಳಸುವ ಸೊಲೆನಾಯ್ಡ್ ವಾಲ್ವ್ ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ. ಅಲ್ಲಿ ಪುಟ್ಟ ಕಾಯಿಲು ದೊಡ್ಡ ಕೊಳವೆಯ ನೀರನ್ನು ನೇರವಾಗಿ ತಡೆಯುವುದಿಲ್ಲ. ಅದು ಒಂದು ಸಣ್ಣ ರಂಧ್ರವನ್ನು ಮಾತ್ರ ತೆರೆಯುತ್ತದೆ. ನೀರಿನ ಒತ್ತಡವೇ ದೊಡ್ಡ ರಬ್ಬರ್ ಪೊರೆಯನ್ನು ಎತ್ತುತ್ತದೆ. ಆ ಸಣ್ಣ ರಂಧ್ರಕ್ಕೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ವಾಲ್ವ್ ಮುಚ್ಚದೆ ನೀರು ಹರಿಯುತ್ತಲೇ ಇರುತ್ತದೆ. ಕಾಯಿಲು ಚೆನ್ನಾಗಿಯೇ ಇರುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ. ಗೇರ್‌ಬಾಕ್ಸಿನಲ್ಲಿಯೂ ತೊಂದರೆ ಬಹಳ ಸಲ ಹೀಗೆಯೇ ಬರುತ್ತದೆ.

ಒತ್ತಡವನ್ನು ಹೊಂದಿಸುವ ಕ್ರಮ

ಗೇರ್‌ಬಾಕ್ಸಿನಲ್ಲಿ ಎರಡು ಬಗೆಯ ಸೊಲೆನಾಯ್ಡುಗಳಿರುತ್ತವೆ. ಒಂದು ಬಗೆಯದು ಪೂರ್ತಿ ತೆರೆಯುತ್ತದೆ ಇಲ್ಲವೆ ಪೂರ್ತಿ ಮುಚ್ಚುತ್ತದೆ. ಇದು ಎಣ್ಣೆಯ ದಾರಿ ಬದಲಾಯಿಸಲು. ಇನ್ನೊಂದು ಬಗೆಯದು ಹರಿಯುವ ವಿದ್ಯುತ್ತಿನ ಪ್ರಮಾಣಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತದೆ. ಒತ್ತಡ ಹತೋಟಿಯದು ಈ ಎರಡನೆಯ ಬಗೆ.

ವಾಹನದ ಕಂಪ್ಯೂಟರು ಆಕ್ಸಿಲರೇಟರನ್ನು ಎಷ್ಟು ಒತ್ತಲಾಗಿದೆ, ಎಂಜಿನ್ ಎಷ್ಟು ಬಲ ಕೊಡುತ್ತಿದೆ, ಎಣ್ಣೆ ಎಷ್ಟು ಬಿಸಿಯಾಗಿದೆ ಎಂಬುದನ್ನು ಲೆಕ್ಕ ಹಾಕಿ, ಸೆಕೆಂಡಿಗೆ ನೂರಾರು ಸಲ ವಿದ್ಯುತ್ತನ್ನು ಕೊಟ್ಟು ಕಡಿದು ಮಾಡುತ್ತದೆ. ಕೊಡುವ ಕಾಲ ಹೆಚ್ಚಿದಂತೆ ಸರಾಸರಿ ವಿದ್ಯುತ್ ಹೆಚ್ಚುತ್ತದೆ. ಇದು ಸಾಮಾನ್ಯವಾಗಿ 1 ಆಂಪಿಯರಿನ ಸುಮಾರಿನಲ್ಲಿಯೇ ಇರುತ್ತದೆ. ಇದಕ್ಕೆ ತಕ್ಕಂತೆ ಸೊಲೆನಾಯ್ಡಿನಿಂದ ಹೊರಡುವ ಸಣ್ಣ ಎಣ್ಣೆಯ ಒತ್ತಡ ಮುಖ್ಯ ಕವಾಟವನ್ನು ತಳ್ಳುತ್ತದೆ. ಮುಖ್ಯ ಕವಾಟವು ಪಂಪಿನಿಂದ ಬಂದ ಎಣ್ಣೆಯಲ್ಲಿ ಹೆಚ್ಚಾದುದನ್ನು ಹಿಂದಕ್ಕೆ ಬಿಟ್ಟು ಬೇಕಾದಷ್ಟು ಒತ್ತಡವನ್ನು ಉಳಿಸಿಕೊಳ್ಳುತ್ತದೆ.

ಅನೇಕ ಗೇರ್‌ಬಾಕ್ಸುಗಳಲ್ಲಿ ಮುಖ್ಯ ಒತ್ತಡದ ಸೊಲೆನಾಯ್ಡಿಗೆ ವಿದ್ಯುತ್ ಹೋಗದಿದ್ದರೆ ಒತ್ತಡ ಅತ್ಯಂತ ಮೇಲಿನ ಮಟ್ಟಕ್ಕೆ ಏರುವಂತೆ ಏರ್ಪಾಡು ಮಾಡಿರುತ್ತಾರೆ. ಇದು ಬೇಕೆಂದೇ ಮಾಡಿದ ರಕ್ಷಣೆ. ತಂತಿ ತುಂಡಾದರೂ ಕ್ಲಚ್ಚುಗಳು ಜಾರಿ ಸುಡುವುದಿಲ್ಲ; ವಾಹನ ಗುದ್ದುತ್ತಾ ಗುದ್ದುತ್ತಾ ಮನೆ ಮುಟ್ಟುತ್ತದೆ. ಕಂಪ್ಯೂಟರಿಗೆ ದೋಷ ಗೊತ್ತಾದಾಗ ಅದು ಸೊಲೆನಾಯ್ಡುಗಳಿಗೆ ವಿದ್ಯುತ್ ನಿಲ್ಲಿಸಿ ವಾಹನವನ್ನು ಒಂದೇ ಗೇರಿನಲ್ಲಿ ಇರಿಸುವುದೂ ಉಂಟು. ಆಗ ವಾಹನಕ್ಕೆ ಎಳೆತ ಇರುವುದಿಲ್ಲ, ಎಚ್ಚರಿಕೆಯ ದೀಪ ಹತ್ತುತ್ತದೆ. ಗೇರ್‌ಬಾಕ್ಸು ಪೂರ್ತಿ ಹಾಳಾಯಿತೆಂದು ಮಾಲೀಕರು ಹೆದರುವುದು ಈ ಸಂದರ್ಭದಲ್ಲಿಯೇ. ಆದರೆ ಅದು ಗೇರ್‌ಬಾಕ್ಸು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವ ಲಕ್ಷಣ.

ಕೆಡುವ ಕಾರಣಗಳು

1. ಕೊಳೆ: ಕವಾಟದ ಕಡ್ಡಿಗೂ ಅದರ ಗೂಡಿಗೂ ನಡುವಣ ಅಂತರ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು, ತಲೆಗೂದಲಿನ ದಪ್ಪಕ್ಕಿಂತ ಕಡಮೆ. ಕ್ಲಚ್ ಬಿಲ್ಲೆ ಸವೆದು ಬಂದ ಪುಡಿ, ಗೇರುಗಳಿಂದ ಬಂದ ಕಬ್ಬಿಣದ ಪುಡಿ ಇಲ್ಲಿ ಸೇರಿದರೆ ಕಡ್ಡಿ ಅಂಟಿಕೊಳ್ಳುತ್ತದೆ. ಸೊಲೆನಾಯ್ಡ್ ಅಯಸ್ಕಾಂತವಾದ್ದರಿಂದ ಕಬ್ಬಿಣದ ಪುಡಿಯನ್ನು ತಾನೇ ಸೆಳೆದುಕೊಳ್ಳುತ್ತದೆ.

2. ಬಿಸಿ: ನಿಂತು ನಿಂತು ಸಾಗುವ ವಾಹನ ದಟ್ಟಣೆ ಗೇರ್‌ಬಾಕ್ಸಿಗೆ ದೊಡ್ಡ ಶತ್ರು. ಕೆ.ಆರ್. ಪುರ, ಮಾರತಹಳ್ಳಿ, ಸಿಲ್ಕ್ ಬೋರ್ಡ್ ವೃತ್ತಗಳಲ್ಲಿ ಕಚೇರಿಯ ವೇಳೆಯಲ್ಲಿ ತೆವಳುವ ವಾಹನದಲ್ಲಿ ಎಂಜಿನಿನ ಬಲದ ಒಂದು ಭಾಗ ಟಾರ್ಕ್ ಕನ್ವರ್ಟರಿನ ಎಣ್ಣೆಯನ್ನು ಕಲಕುವುದರಲ್ಲಿಯೇ ಕಳೆದು ಶಾಖವಾಗುತ್ತದೆ. ಗಾಳಿಯ ಓಟವಿಲ್ಲದ ಕಾರಣ ಶಾಖ ಹೊರಹೋಗುವುದೂ ನಿಧಾನ. ಎಣ್ಣೆಯ ಉಷ್ಣತೆ ಮಿತಿ ಮೀರಿ ಪ್ರತಿ 10 ಡಿಗ್ರಿ ಏರಿದಂತೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ಸಾಮಾನ್ಯ ಲೆಕ್ಕ. ಕೆಟ್ಟ ಎಣ್ಣೆ ಕವಾಟಗಳ ಮೇಲೆ ಅರಗಿನಂತಹ ಪದರವಾಗಿ ಕೂರುತ್ತದೆ. ದೂರದ ಹೆದ್ದಾರಿಯಲ್ಲಿ ಓಡಿದ ವಾಹನಕ್ಕಿಂತ, ಅಷ್ಟೇ ಕಿಲೋಮೀಟರು ಈ ರಸ್ತೆಗಳಲ್ಲಿ ಓಡಿದ ವಾಹನದ ಎಣ್ಣೆ ಬೇಗ ಕೆಡುವುದು ಈ ಕಾರಣದಿಂದ.

3. ತಂತಿ ಮತ್ತು ಕನೆಕ್ಟರ್: ತೇವದಿಂದ ಕಿಲುಬು ಹಿಡಿದ ಪಿನ್ನುಗಳು, ಸಡಿಲವಾದ ಅರ್ತ್ ತಂತಿ, ಶಾಖದಿಂದ ಬಿರುಕು ಬಿಟ್ಟ ಹೊದಿಕೆ ಇವೆಲ್ಲ ಸೊಲೆನಾಯ್ಡ್ ದೋಷದಂತೆಯೇ ಕಾಣುತ್ತವೆ. ತೋಟದ ಮನೆಯ ಶೆಡ್ಡಿನಲ್ಲಿ, ಮೇವು ಅಥವಾ ಧಾನ್ಯದ ಮಗ್ಗುಲಲ್ಲಿ ನಿಲ್ಲಿಸಿದ ವಾಹನದ ತಂತಿಗಳನ್ನು ಇಲಿ, ಹೆಗ್ಗಣಗಳು ಕಡಿಯುವುದೂ ಉಂಟು.

4. ಕಾಯಿಲು ಸುಡುವುದು: ಮೋಟಾರಿನ ವೈಂಡಿಂಗ್ ಹೋದಂತೆ ಇಲ್ಲಿಯೂ ಸುರುಳಿ ಕಡಿಯಬಹುದು ಅಥವಾ ಒಳಗೊಳಗೇ ಕೂಡಿಕೊಳ್ಳಬಹುದು.

5. ಸವೆತ: ಅಲ್ಯೂಮಿನಿಯಮ್ ಗೂಡು ಸವೆದರೆ ಅಥವಾ ರಬ್ಬರ್ ಉಂಗುರ ಗಡುಸಾದರೆ ಎಣ್ಣೆ ಪಕ್ಕದಿಂದ ಸೋರಿ ಒತ್ತಡ ಇಳಿಯುತ್ತದೆ. ಆಗ ಹೊಸ ಸೊಲೆನಾಯ್ಡ್ ಹಾಕಿದರೂ ಪ್ರಯೋಜನವಿಲ್ಲ.

6. ನೀರು: 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಯಮಲೂರು, ಸರ್ಜಾಪುರ ರಸ್ತೆಯ ಕಡೆ ನೆರೆ ಬಂದು ವಾಹನಗಳು ಮುಳುಗಿದ್ದವು. ಹೀಗೆ ಮುಳುಗಿದ ವಾಹನದಲ್ಲಿ ಗಾಳಿಕಿಂಡಿಯ ಮೂಲಕ ನೀರು ಗೇರ್‌ಬಾಕ್ಸಿಗೆ ಇಳಿಯಬಹುದು. ರೇಡಿಯೇಟರಿನೊಳಗಿನ ಎಣ್ಣೆ ಕೊಳವೆ ಒಡೆದರೂ ಹೀಗೆಯೇ ಆಗುತ್ತದೆ. ಎಣ್ಣೆ ಹಾಲು ಬೆರೆತ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್ ಚಾಲೂ ಮಾಡಲೇಬಾರದು; ನೀರು ಕ್ಲಚ್ ಬಿಲ್ಲೆಯ ಪದರವನ್ನು ಕಿತ್ತುಹಾಕುತ್ತದೆ.

ಇವುಗಳಲ್ಲಿ ಮೊದಲ ಎರಡು ಒಂದನ್ನೊಂದು ಬೆಳೆಸುತ್ತವೆ. ಬಿಸಿಯಿಂದ ಎಣ್ಣೆ ಕೆಟ್ಟು ಕವಾಟ ಅಂಟುತ್ತದೆ, ಒತ್ತಡ ಇಳಿದು ಕ್ಲಚ್ ಜಾರುತ್ತದೆ, ಜಾರಿದ ಕ್ಲಚ್ ಪುಡಿ ಉದುರಿಸುತ್ತದೆ, ಆ ಪುಡಿ ಕವಾಟವನ್ನು ಇನ್ನಷ್ಟು ಅಂಟಿಸುತ್ತದೆ. ಆದುದರಿಂದ ಮೊದಲ ಲಕ್ಷಣ ಕಂಡಾಗಲೇ ಗಮನ ಕೊಡುವುದು ಬಹು ಮುಖ್ಯ.

ಗುರುತಿಸುವ ಲಕ್ಷಣಗಳು

ಲಿವರನ್ನು ಡಿ ಅಥವಾ ಆರ್ ಸ್ಥಾನಕ್ಕೆ ತಂದಾಗ ವಾಹನ ತಡವಾಗಿ ಎಳೆಯುವುದು, ಗೇರ್ ಬದಲಾಗುವಾಗ ಎಂಜಿನಿನ ಸದ್ದು ಏರಿ ವೇಗ ಏರದಿರುವುದು: ಇವು ಒತ್ತಡ ಕಡಮೆಯಾದುದರ ಲಕ್ಷಣಗಳು. ಎಲ್ಲ ಗೇರುಗಳಲ್ಲಿಯೂ ಗುದ್ದಿದಂತೆ ಎಗರುವುದು ಒತ್ತಡ ಹೆಚ್ಚಾದುದರ ಲಕ್ಷಣ. ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದ ಮೇಲೆ ಮಾತ್ರ ತೊಂದರೆ ಕೊಟ್ಟರೆ ಕಾಯಿಲು, ಕನೆಕ್ಟರು ಅಥವಾ ಸೋರಿಕೆಯನ್ನು ಸಂಶಯಿಸಬೇಕು. ಜಾರುವ ಲಕ್ಷಣ ಕಂಡರೆ ಓಡಿಸುವುದನ್ನು ನಿಲ್ಲಿಸುವುದೇ ಲೇಸು. ಗುದ್ದುವ ವಾಹನವನ್ನು ನಿಧಾನವಾಗಿ ಹತ್ತಿರದ ವರ್ಕ್‌ಶಾಪಿಗೆ ಒಯ್ಯಬಹುದು.

ಪರೀಕ್ಷಿಸುವ ಕ್ರಮ

ಮೆಕ್ಯಾನಿಕ್ಕಿನ ಬಳಿ ಹೋದಾಗ ಈ ಕೆಳಗಿನ ಕ್ರಮವನ್ನೇ ಅನುಸರಿಸುವಂತೆ ಕೇಳಬೇಕು. ಕಡಮೆ ಖರ್ಚಿನದು ಮೊದಲು, ಹೆಚ್ಚಿನದು ಕೊನೆಗೆ.

1. ಎಣ್ಣೆಯ ಮಟ್ಟ, ಬಣ್ಣ, ವಾಸನೆ ನೋಡಬೇಕು. ಹೊಸ ಎಣ್ಣೆ ಅನೇಕ ವಾಹನಗಳಲ್ಲಿ ಕೆಂಪಾಗಿರುತ್ತದೆ. ಕಪ್ಪು ಬಣ್ಣ, ಸುಟ್ಟ ವಾಸನೆ ಕ್ಲಚ್ ಜಾರಿದುದರ ಗುರುತು. ಈಚಿನ ಹಲವು ಗೇರ್‌ಬಾಕ್ಸುಗಳಿಗೆ ಅಳತೆ ಕಡ್ಡಿ ಇಲ್ಲ. ಕೈಪಿಡಿಯಲ್ಲಿ ಹೇಳಿದ ಉಷ್ಣತೆಯಲ್ಲಿ ತಳದ ಬಿರಡೆಯ ಮೂಲಕ ಮಟ್ಟ ನೋಡಬೇಕಾಗುತ್ತದೆ.

2. ಬ್ಯಾಟರಿಯ ವೋಲ್ಟೇಜ್, ಅರ್ತ್ ತಂತಿ ಮತ್ತು ಕನೆಕ್ಟರುಗಳನ್ನು ಪರೀಕ್ಷಿಸಬೇಕು.

3. ಸ್ಕ್ಯಾನರ್ ಹಾಕಿ ದೋಷ ಸಂಖ್ಯೆ ಓದಿಸಿ, ಬರೆದುಕೊಳ್ಳಬೇಕು. ಪಿ 0748 ಬಂದರೆ ಮೊದಲ ಒತ್ತಡ ಸೊಲೆನಾಯ್ಡಿನ ವಿದ್ಯುತ್ ದಾರಿಯಲ್ಲಿ ದೋಷ. ಪಿ 0746 ಅಥವಾ ಪಿ 0747 ಬಂದರೆ ವಿದ್ಯುತ್ ಹೋಗುತ್ತಿದ್ದರೂ ಒತ್ತಡ ಸರಿಯಾಗಿ ಬದಲಾಗುತ್ತಿಲ್ಲ, ಅಂದರೆ ಕವಾಟ ಅಂಟಿರುವ ಸಂಭವ. ದೋಷ ಸಂಖ್ಯೆ ದಿಕ್ಕು ತೋರಿಸುತ್ತದೆಯೇ ಹೊರತು ಯಾವ ಭಾಗ ಬದಲಾಯಿಸಬೇಕೆಂದು ಹೇಳುವುದಿಲ್ಲ.

4. ಮಲ್ಟಿಮೀಟರಿನಿಂದ ಕಾಯಿಲಿನ ಓಮ್ ಅಳೆಯಬೇಕು. ಒತ್ತಡ ಸೊಲೆನಾಯ್ಡುಗಳಲ್ಲಿ ಇದು ಸಾಮಾನ್ಯವಾಗಿ 3ರಿಂದ 6 ಓಮ್. ತಾಮ್ರ ಬಿಸಿಯಾದಂತೆ ಅಳತೆ ಏರುತ್ತದೆ: 20 ಡಿಗ್ರಿಯಲ್ಲಿ 5 ಓಮ್ ಇದ್ದುದು 100 ಡಿಗ್ರಿಯಲ್ಲಿ ಸುಮಾರು 6.5 ಓಮ್ ಆಗುತ್ತದೆ. ಇದು ದೋಷವಲ್ಲ. ಆದ್ದರಿಂದ ಯಾವ ಉಷ್ಣತೆಯಲ್ಲಿ ಅಳೆದದ್ದು ಎಂಬುದನ್ನೂ ಗುರುತಿಸಬೇಕು. ಓಮ್ ಸರಿಯಾಗಿದ್ದ ಮಾತ್ರಕ್ಕೆ ಸೊಲೆನಾಯ್ಡ್ ಸರಿಯೆಂದಲ್ಲ. ಕಡ್ಡಿ ಅಂಟಿದ್ದರೂ ಕಾಯಿಲಿನ ಅಳತೆ ಸರಿಯಾಗಿಯೇ ಬರುತ್ತದೆ.

5. ಗೇರ್‌ಬಾಕ್ಸಿನಲ್ಲಿ ಇದಕ್ಕೆಂದು ಬಿಟ್ಟಿರುವ ಕಿಂಡಿಗೆ ಗೇಜ್ ಕೂರಿಸಿ ಎಣ್ಣೆಯ ಒತ್ತಡ ಅಳೆಯಬೇಕು. ಸ್ಕ್ಯಾನರಿನಿಂದ ಒತ್ತಡ ಏರಿಸಲು ಆಜ್ಞೆ ಕೊಟ್ಟಾಗ ಗೇಜಿನ ಮುಳ್ಳು ಸರಾಗವಾಗಿ ಏರಿದರೆ ಸೊಲೆನಾಯ್ಡ್ ನಿರ್ದೋಷಿ.

6. ಇಷ್ಟಾದ ಮೇಲೆಯೇ ತಳದ ತಟ್ಟೆಯನ್ನು ಬಿಚ್ಚಬೇಕು. ಅಲ್ಲಿರುವ ಅಯಸ್ಕಾಂತದ ಮೇಲೆ ನುಣ್ಣನೆಯ ಬೂದು ಲೇಪವಿದ್ದರೆ ಅದು ಸಹಜ ಸವೆತ. ಲೋಹದ ಚೂರುಗಳು, ಕಪ್ಪು ಹೊಪ್ಪಳಿಕೆಗಳು ಇದ್ದರೆ ಒಳಗಿನ ಭಾಗಗಳಿಗೇ ಪೆಟ್ಟಾಗಿದೆ. ಅಂತಹ ಸ್ಥಿತಿಯಲ್ಲಿ ಸೊಲೆನಾಯ್ಡ್ ಮಾತ್ರ ಬದಲಾಯಿಸುವುದು ದಂಡದ ಖರ್ಚು.

ಸೊಲೆನಾಯ್ಡ್ ಬದಲಾಯಿಸಿದಾಗ ಎಣ್ಣೆ ಮತ್ತು ಫಿಲ್ಟರನ್ನೂ ಬದಲಾಯಿಸಬೇಕು. ಹಳೆಯ ಭಾಗದ ಸವೆತಕ್ಕೆ ಹೊಂದಿಕೊಂಡಿದ್ದ ಕಂಪ್ಯೂಟರಿನ ಲೆಕ್ಕವನ್ನು ಸ್ಕ್ಯಾನರಿನಿಂದ ಅಳಿಸಿ ಹೊಸದಾಗಿ ಕಲಿಸಬೇಕಾಗುವುದೂ ಉಂಟು. ಇದನ್ನು ಬಿಟ್ಟರೆ ಹೊಸ ಭಾಗ ಹಾಕಿದರೂ ವಾಹನ ಗುದ್ದುತ್ತದೆ. ಕೆಲವು ಮಾದರಿಗಳಲ್ಲಿ ಸೊಲೆನಾಯ್ಡುಗಳು, ವಾಲ್ವ್ ಬಾಡಿ, ಕಂಪ್ಯೂಟರು ಒಂದೇ ಘಟಕವಾಗಿ ಬರುವುದರಿಂದ ಖರ್ಚು ಹೆಚ್ಚಾಗುತ್ತದೆ. ಅಂತಹ ವಾಹನದವರು ಪರೀಕ್ಷೆಯಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು.

ಎಲ್ಲ ಆಟೋಮ್ಯಾಟಿಕ್‌ಗಳೂ ಒಂದೇ ಅಲ್ಲ

ಮೇಲೆ ಹೇಳಿದ್ದು ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸುಗಳಿಗೆ ಅನ್ವಯಿಸುತ್ತದೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾ ವಾಹನವು 2016ರಲ್ಲಿ ಬಂದಾಗ ಇಂತಹ 6 ಗೇರಿನ ಮಾದರಿಯೂ ಇತ್ತು. ಬಿ.ಎಂ.ಟಿ.ಸಿ.ಯು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಓಡಿಸಿದ ವೋಲ್ವೊ ಬಸ್ಸುಗಳ ಗೇರ್‌ಬಾಕ್ಸೂ ಆಟೋಮ್ಯಾಟಿಕ್ ಬಗೆಯದೇ. ಬೆಲ್ಟ್ ಬಳಸುವ ಸಿ.ವಿ.ಟಿ. ಗೇರ್‌ಬಾಕ್ಸಿನಲ್ಲಿಯೂ ಒತ್ತಡ ಸೊಲೆನಾಯ್ಡುಗಳಿವೆ. ಅಲ್ಲಿ ಒತ್ತಡ ಇಳಿದರೆ ಬೆಲ್ಟ್ ಜಾರುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ಬಂದ ಎ.ಎಂ.ಟಿ. ಬಗೆ ಬೇರೆ. ಅದು ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರ್ ಬದಲಾಯಿಸುವ ಕೆಲಸಗಳನ್ನು ಮಾತ್ರ ಯಂತ್ರ ಮಾಡುತ್ತದೆ.

ಕೃಷಿ ಹೊಂಡ ತೋಡಲು ಬರುವ ಬ್ಯಾಕ್‌ಹೋ ಲೋಡರುಗಳಲ್ಲಿ, ಅಂದರೆ ಹಳ್ಳಿಗಳಲ್ಲಿ ಜೆ.ಸಿ.ಬಿ. ಎಂದೇ ಕರೆಯುವ ಯಂತ್ರಗಳಲ್ಲಿ, ಮುಂದಕ್ಕೆ ಹಿಂದಕ್ಕೆ ಬದಲಾಯಿಸಲು ಹಾಗೂ ಪವರ್ ಶಟಲ್ ಇರುವ ಟ್ರಾಕ್ಟರುಗಳಲ್ಲಿ ಇದೇ ತತ್ತ್ವದ ಸೊಲೆನಾಯ್ಡುಗಳು ಬಳಕೆಯಲ್ಲಿವೆ. ಕೃಷಿ ಯಂತ್ರಧಾರೆ ಕೇಂದ್ರಗಳ ಯಂತ್ರಗಳಿಗೆ ಎಣ್ಣೆ ಮತ್ತು ಫಿಲ್ಟರ್ ಬದಲಾಯಿಸಿದ ದಿನ, ಓಡಿದ ಗಂಟೆ ಇವನ್ನು ಪುಸ್ತಕದಲ್ಲಿ ಬರೆದಿಡುವಂತೆ ವಿಸ್ತರಣಾ ಕಾರ್ಯಕರ್ತರು ಸಲಹೆ ಕೊಡಬಹುದು.

ಆರೈಕೆಯ ಸೂಚನೆಗಳು

* ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಟ್ರಾಕ್ಟರಿನ ಹೈಡ್ರಾಲಿಕ್ ಎಣ್ಣೆ, ಎಂಜಿನ್ ಆಯಿಲ್ ಇವುಗಳನ್ನು ಎಂದಿಗೂ ಬೆರೆಸಬಾರದು.
* ದಟ್ಟಣೆಯಲ್ಲಿ ಹೆಚ್ಚು ಓಡುವ ವಾಹನಕ್ಕೆ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಕೊಟ್ಟ ಅವಧಿಯನ್ನು ಅನುಸರಿಸಬೇಕು.
* ದಿಣ್ಣೆಯ ಮೇಲೆ ವಾಹನವನ್ನು ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸಬಾರದು, ಬ್ರೇಕ್ ಬಳಸಬೇಕು.
* ಕೆಟ್ಟ ಆಟೋಮ್ಯಾಟಿಕ್ ವಾಹನವನ್ನು ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಯಬಾರದು. ಎಂಜಿನ್ ನಿಂತಾಗ ಎಣ್ಣೆ ಪಂಪೂ ನಿಲ್ಲುವುದರಿಂದ, ಚಕ್ರ ತಿರುಗಿದಂತೆ ಒಳಭಾಗಗಳು ಎಣ್ಣೆಯಿಲ್ಲದೆ ಉಜ್ಜುತ್ತವೆ. ಎಂಜಿನಿನ ಬಲ ಪಡೆಯುವ ಚಕ್ರಗಳನ್ನು ನೆಲದಿಂದ ಎತ್ತಿ ಅಥವಾ ಲಾರಿಯ ಮೇಲೇರಿಸಿ ಸಾಗಿಸಬೇಕು.
* ಹಳೆಯ ವಾಹನ ಕೊಳ್ಳುವಾಗ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ, ಕನಿಷ್ಠ ಅರ್ಧ ಗಂಟೆ ಓಡಿಸಿ ನೋಡಬೇಕು. ಎಣ್ಣೆ ಬದಲಾಯಿಸಿದ ರಸೀದಿ ಕೇಳಬೇಕು. ಸೀಟಿನ ಅಡಿಯ ಕೆಸರು, ತುಕ್ಕು ಹಿಡಿದ ತಿರುಪುಗಳು ನೆರೆಯಲ್ಲಿ ಮುಳುಗಿದುದರ ಗುರುತು.

ಹನಿ ನೀರಾವರಿಯಲ್ಲಿ ಫಿಲ್ಟರ್ ತೊಳೆಯದೆ ಡ್ರಿಪ್ಪರುಗಳನ್ನು ದೂರಿದರೆ ಫಲವಿಲ್ಲ ಎಂಬುದು ರೈತರ ಅನುಭವಕ್ಕೆ ಬಂದ ವಿಷಯ. ಗೇರ್‌ಬಾಕ್ಸಿನಲ್ಲಿಯೂ ಎಣ್ಣೆ ಶುದ್ಧವಾಗಿದ್ದು, ತಂಪಾಗಿದ್ದು, ಮಟ್ಟ ಸರಿಯಾಗಿದ್ದರೆ ಸೊಲೆನಾಯ್ಡ್ ಬಹುಕಾಲ ಬಾಳುತ್ತದೆ. ಕೆಟ್ಟಿತೆಂದು ಯಾರಾದರೂ ಹೇಳಿದಾಗ, ಬದಲಾಯಿಸುವುದಕ್ಕೆ ಒಪ್ಪುವ ಮೊದಲು ಒತ್ತಡದ ಗೇಜ್ ಏನು ತೋರಿಸಿತೆಂದು ಕೇಳುವುದನ್ನು ಮಾಲೀಕರು ಮರೆಯಬಾರದು.